ಪಂದ್ಯ ಮುಗಿದ ಕೂಡಲೇ ರೂಮಿಗೆ ಓಡಬೇಡ

ಅಕ್ಕಾ, ನಾನು ಶಿರಸಿ ಹತ್ತಿರದ ಹಳ್ಳಿಯವನು. ಸೆಪ್ಟೆಂಬರಿನಿಂದ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಎಂ.ಎಸ್‌ಸಿ. ಓದುತ್ತಿದ್ದೇನೆ. ಗೆಳೆಯರು ಸಿಗಲಿ ಅಂತ ವಾಲಿಬಾಲ್ ಕ್ಲಬ್ ಸೇರಿದೆ. ಊರಲ್ಲಿ ಲಿಫ್ಟರ್ ಆಗಿದ್ದೆ, ಅಂದರೆ ಹೊಡೆಯುವವನಿಗೆ ಬಾಲ್ ಎತ್ತಿಕೊಡುವವನು; ಇಲ್ಲಿ ಸೆಟ್ಟರ್ ಅನ್ನುತ್ತಾರೆ. ಆಡುವಾಗ ಎಲ್ಲರೂ ಬೆನ್ನು ತಟ್ಟುತ್ತಾರೆ. ಮುಗಿದದ್ದೇ ಪಬ್ಬಿಗೆ ಹೋಗುತ್ತಾರೆ. ನಾನು ಕುಡಿಯುವುದಿಲ್ಲ, ರೂಮಿಗೆ ಬರುತ್ತೇನೆ. ಈಗಂತೂ ನಾಲ್ಕು ಗಂಟೆಗೇ ಕತ್ತಲು. ಮೂರು ತಿಂಗಳಾದರೂ ಒಬ್ಬ ಗೆಳೆಯನಿಲ್ಲ. ಕ್ಲಬ್ ಬಿಟ್ಟುಬಿಡಲೇ?

ತಮ್ಮಾ, ಬಿಡಬೇಡ. ಪಬ್ಬಿನ ವಿಷಯ ಆಮೇಲೆ, ಮೊದಲು ನನ್ನ ಕತೆ ಕೇಳು.

ನೌಕರಿಗೆಂದು ಘಟ್ಟ ಇಳಿದು ಕಾರವಾರಕ್ಕೆ ಬಂದ ಹೊಸತು. ಮಧ್ಯಾಹ್ನ ಎಲ್ಲರೂ ಮೀನುಸಾರಿನ ಡಬ್ಬಿ ಬಿಚ್ಚಿ ಕೊಂಕಣಿಯಲ್ಲಿ ಹರಟೆಗೆ ಕೂರುತ್ತಿದ್ದರು. ನಾನು ಕಿಟಕಿ ಪಕ್ಕ ಒಬ್ಬಳೇ ತಂಬುಳಿ ಅನ್ನ ಉಣ್ಣುತ್ತಿದ್ದೆ. ಇವರಿಗೆ ನಾನು ಬೇಡ ಅಂದುಕೊಂಡಿದ್ದೆ. ತಿಂಗಳ ಮೇಲೆ ಒಬ್ಬರು, ‘ಮೀನಿನ ವಾಸನೆ ನಿಮಗಾಗೂದಿಲ್ಲ ಅಂತ ನಾವೇ ಕರೀಲಿಲ್ಲ’ ಅಂದರು. ಆವತ್ತೇ ಕುರ್ಚಿ ಎಳೆದುಕೊಂಡು ಹೋದೆ. ಮೀನು ಇವತ್ತಿಗೂ ತಿಂದಿಲ್ಲ.

ನಿನ್ನ ಟೀಮಿನವರೂ ಹಾಗೇ ಅಂದುಕೊಂಡಿರಬಹುದು, ಅಲ್ವಾ? ಆಟ ಮುಗಿಯುವುದರೊಳಗೆ ಬ್ಯಾಗು ಹೆಗಲಿಗೇರಿಸಿದವನನ್ನು ಯಾರು ತಡೆಯುತ್ತಾರೆ?

ಊರಿನ ಹೊನಲು ಬೆಳಕಿನ ಪಂದ್ಯಾವಳಿ ನೆನಪು ಮಾಡಿಕೊ. ಕಂಬ ಹುಗಿದು, ಸುಣ್ಣದ ಗೆರೆ ಎಳೆದು, ಸೋತ ಮೇಲೂ ಬೆಳಗಿನ ತನಕ ಅಲ್ಲೇ ಕೂತು ಅಂಪೈರನ್ನು ಬೈದವರೇ ಅಲ್ವಾ ನಿನ್ನ ಗೆಳೆಯರು? ಆಡುವಾಗ ಮಾತಾಡಲು ಪುರಸೊತ್ತೆಲ್ಲಿ? ಅಲ್ಲೂ ಅಷ್ಟೇ. ಪ್ರಾಕ್ಟೀಸಿಗೆ ಹತ್ತು ನಿಮಿಷ ಮೊದಲೇ ಹೋಗಿ ನೆಟ್ ಕಟ್ಟಲು ಕೈ ಹಾಕು. ಕೊನೆಗೆ ಬಾಲ್ ಎಣಿಸಿ ಚೀಲಕ್ಕೆ ತುಂಬು. ಅಲ್ಲಿ ಯೂನಿವರ್ಸಿಟಿಗಳ ನಡುವಿನ ಪಂದ್ಯ ಹೆಚ್ಚಾಗಿ ಬುಧವಾರ ಮಧ್ಯಾಹ್ನ. ಬೇರೆ ಊರಿಗೆ ಹೋಗುವಾಗ ವ್ಯಾನಿನಲ್ಲಿ ಇಯರ್‌ಫೋನ್ ಹಾಕಬೇಡ.

ಇಡೀ ಟೀಮನ್ನು ಒಲಿಸಲು ಹೋಗಬೇಡ, ಒಬ್ಬನನ್ನು ಹಿಡಿ. ಲಿಫ್ಟರ್‌ಗೆ ಒಂದು ಅನುಕೂಲ ಇದೆ: ಯಾವ ಅಟ್ಯಾಕರ್‌ಗೆ ಬಾಲ್ ಎಷ್ಟು ಎತ್ತರ ಬೇಕು ಅಂತ ಕೇಳಲೇಬೇಕು. ಅದನ್ನು ಪಂದ್ಯ ಮುಗಿದ ಮೇಲೆ, ಪಬ್ಬಿನ ಮೇಜಿನಲ್ಲಿ ಕೇಳು.

ಹೌದು, ಪಬ್ಬಿಗೆ ಹೋಗು. ಅದು ಬರೀ ಸಾರಾಯಿ ಅಂಗಡಿ ಅಲ್ಲ. ಊಟಕ್ಕೆ ಬರುವವರು, ಸುಮ್ನೆ ಫುಟ್‌ಬಾಲ್ ನೋಡುವವರು ಎಲ್ಲ ಇರುತ್ತಾರೆ. ನಿಂಬೆ ಸೋಡಾ ಹಿಡಿದು ಒಂದು ತಾಸು ಕೂತರೆ ಯಾರೂ ಏನೂ ಅನ್ನುವುದಿಲ್ಲ. ಒಂದು ಎಚ್ಚರ ಮಾತ್ರ ಇರಲಿ. ಅಲ್ಲಿ ಸರದಿ ಮೇಲೆ ಒಬ್ಬೊಬ್ಬರು ಎಲ್ಲರಿಗೂ ಕೊಡಿಸುವ ಪದ್ಧತಿ ಇದೆ. ಆ ಸರದಿಗೆ ಸೇರಿದರೆ ಸೋಡಾ ಕುಡಿದವನ ಕಿಸೆಯಿಂದ ಬಿಯರಿನ ದುಡ್ಡು ಹೋಗುತ್ತದೆ. ‘ನಂದು ನಾನೇ ತಗೋತೇನೆ’ ಅಂತ ಮೊದಲೇ ಹೇಳಿಬಿಡು.

ಅಮ್ಮ ಕಟ್ಟಿಕೊಟ್ಟ ತೊಡೆದೇವು ಇನ್ನೂ ಡಬ್ಬಿಯಲ್ಲಿದ್ದರೆ ಮುಂದಿನ ಬುಧವಾರ ವ್ಯಾನಿಗೆ ಒಯ್ಯಿ. ಪುಡಿಯಾಗಿದ್ದರೂ ಅಡ್ಡಿಯಿಲ್ಲ. ಕಾದ ಗಡಿಗೆಯ ಬೆನ್ನಿಗೆ ಕಬ್ಬಿನ ಹಾಲಿನ ಹಿಟ್ಟು ಬಳಿದು ಕಾಗದದ ಹಾಗೆ ಎಬ್ಬಿಸುವುದು ಹೇಗೆ ಅಂತ ಹೇಳುತ್ತಾ ಹೋದರೆ, ಎದುರಾಳಿ ಊರು ಬರುವ ತನಕ ಮಾತಿಗೆ ಬರವಿಲ್ಲ.