ಹಳೆಯ ಡೆಸ್ಕ್‌ಟಾಪ್ ತಾನಾಗೇ ಆಫ್ ಆಗುತ್ತಿದೆ. ರಿಪೇರಿ ಮಾಡಿಸಲಾ, ಹೊಸದು ತಗೊಳ್ಳಲಾ?

ಇಂಟೆಲ್‌ನ ನಾಲ್ಕನೇ ಜನರೇಷನ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ಹತ್ತು ನಿಮಿಷ ಓಡಿ ಆಫ್ ಆಗುತ್ತೆ, ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ, 6,500 ಆಗುತ್ತೆ ಅಂದರು ಎಂದು ಬರೆದಿದ್ದೀರಿ. ದಯವಿಟ್ಟು ಇವತ್ತೇ ಒಪ್ಪಿಕೊಳ್ಳಬೇಡಿ. ಮೊದಲು ಫೋಟೋ, ಫೈಲ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಆನ್ ಆದಷ್ಟು ಹೊತ್ತು ಅದೊಂದೇ ಕೆಲಸ.

ನನ್ನದೂ ಇದೇ ಥರದ ಮೆಷಿನ್. ಅದೇ ಕಾಲದ ಎಚ್81 ಬೋರ್ಡ್, ಕ್ಯಾಬಿನೆಟ್ ಜೊತೆ ಬಂದ ಅಗ್ಗದ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬಿ). ನನಗೂ ಬೋರ್ಡ್ ಹೋಗಿದೆ ಅಂತಲೇ ಹೇಳಿದ್ದರು. ಗೆಳೆಯನ ಮನೆಯಿಂದ ಎಸ್‌ಎಂಪಿಎಸ್ ತಂದು ಹಾಕಿ ನೋಡಿದೆ, ಇಡೀ ಸಂಜೆ ಓಡಿತು. ನನ್ನ ಹಳೆಯದನ್ನು ಮೆಕ್ಯಾನಿಕ್ ಬಿಚ್ಚಿದಾಗ ಒಳಗೆ ಎರಡು ಕೆಪಾಸಿಟರ್‌ಗಳ (ಕರೆಂಟ್ ಹಿಡಿದಿಡುವ ಪುಟ್ಟ ಡಬ್ಬಿಯಂಥ ಭಾಗಗಳು) ತಲೆ ಉಬ್ಬಿತ್ತು, ಸುತ್ತ ಕಂದು ಬಣ್ಣದ ಕಲೆ ಒಣಗಿತ್ತು. ನೀವಾಗಿ ಅದನ್ನು ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಕರೆಂಟ್ ಉಳಿದಿರುತ್ತೆ. ಬೋರ್ಡ್ ಮೇಲಿನ ಕೆಪಾಸಿಟರ್‌ಗಳನ್ನಾದರೆ ಪ್ಲಗ್ ತೆಗೆದು, ಟಾರ್ಚ್ ಹಿಡಿದು ಹೀಗೆ ಉಬ್ಬಿವೆಯಾ ಅಂತ ನೋಡಬಹುದು. ಪ್ರೊಸೆಸರ್ ಫ್ಯಾನ್ ತಿರುಗುತ್ತಾ, ಅದರ ಕೆಳಗಿನ ಲೋಹದ ಹೀಟ್‌ಸಿಂಕ್‌ನಲ್ಲಿ ಧೂಳು ಕಟ್ಟಿದೆಯಾ ಅಂತಲೂ ನೋಡಿ. ಪ್ರೊಸೆಸರ್‌ಗೂ ಹೀಟ್‌ಸಿಂಕ್‌ಗೂ ನಡುವೆ ಹಚ್ಚಿರುವ ಪೇಸ್ಟ್ ಒಣಗಿ ಪ್ರೊಸೆಸರ್ ಬಿಸಿಯಾದರೂ ಹೀಗೇ ಆಫ್ ಆಗುತ್ತೆ.

ದುಡ್ಡಿನ ವಿಷಯದಲ್ಲಿ ನಾನು ನೋಡುವುದು ಒಂದೇ: ಈಗ ಕೊಳ್ಳುವ ಪಾರ್ಟು ನಾಳೆ ಹೊಸ ಕಂಪ್ಯೂಟರ್‌ಗೂ ಬರುತ್ತಾ? ಒಳ್ಳೆ ಎಸ್‌ಎಂಪಿಎಸ್ ಬರುತ್ತೆ. 80 ಪ್ಲಸ್ (ಕರೆಂಟ್ ಕಡಿಮೆ ಪೋಲಾಗುತ್ತೆ ಅನ್ನುವ ಗುರುತು) ಇರುವುದನ್ನೇ ತಗೊಳ್ಳಿ, ಪ್ರೊಸೆಸರ್‌ಗೆ ಹೋಗುವ ವೈರ್ 4+4 ಪಿನ್ ಇರಲಿ. ಸಾಟಾ ಎಸ್‌ಎಸ್‌ಡಿಯೂ ಬರುತ್ತೆ. ಹಾರ್ಡ್‌ಡಿಸ್ಕ್‌ನಿಂದ ಅದಕ್ಕೆ ಬದಲಾಯಿಸಿದ ದಿನ ನನ್ನ ಮೆಷಿನ್ ಹೊಸದೇ ಅನ್ನಿಸಿತ್ತು, ನಿಜ! ಆದರೆ ನಿಮ್ಮ ಪ್ರೊಸೆಸರ್ ಕೂರುವ 1150 ಸಾಕೆಟ್ ಬೋರ್ಡ್, ಡಿಡಿಆರ್3 ರ‍್ಯಾಮ್ ಎರಡೂ ಹೊಸ ಮೆಷಿನ್‌ಗೆ ಹೊಂದುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಹಳೆಯ ಬೋರ್ಡ್ ಹುಡುಕಿದರೆ ಸಿಗುತ್ತೆ, ಆದರೂ ಅದಕ್ಕೆ 6,500 ಹಾಕುವುದು ಬೇಡ.

ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ಜನರೇಷನ್ ಆದರೂ ಬೇಕು, ನಿಮ್ಮದು ನಾಲ್ಕನೆಯದು. ಬರೀ ಬ್ರೌಸಿಂಗ್, ಟೈಪಿಂಗ್, ಮಕ್ಕಳ ಪಾಠ ಅಂದರೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಳ್ಳಿ, ಆರಾಮಾಗಿ ಓಡುತ್ತೆ. ಟ್ಯಾಲಿಯಂಥ, ವಿಂಡೋಸ್‌ನಲ್ಲಿ ಓಡುವ ಲೆಕ್ಕಪತ್ರದ ಸಾಫ್ಟ್‌ವೇರ್ ಬೇಕೇ ಬೇಕು ಅಂದರೆ ಎಸ್‌ಎಂಪಿಎಸ್ ಬಿಟ್ಟು ಬೇರೆ ಯಾವುದಕ್ಕೂ ಖರ್ಚು ಮಾಡದೆ ಹೊಸದಕ್ಕೆ ದುಡ್ಡು ಕೂಡಿಡಿ.

ಯಾರದ್ದಾದರೂ ಎಸ್‌ಎಂಪಿಎಸ್ ತಂದು ಹಾಕಿ, ಒಂದು ಗಂಟೆ ಓಡಿಸಿ, ಏನಾಯ್ತು ಅಂತ ಇಲ್ಲೇ ಬರೆಯಿರಿ. ಆಫ್ ಆದ ಕೂಡಲೇ ಮತ್ತೆ ಆನ್ ಆಗುತ್ತಾ, ಸ್ವಲ್ಪ ಹೊತ್ತು ಕಾಯಬೇಕಾ, ಅದನ್ನೂ ಹೇಳಿ.