45 ಸಾವಿರ ಅಂದಿದ್ರಲ್ಲ ಸರ್?

(ನಾನು ಆಪ್ತಸಮಾಲೋಚಕಿ. ಇದು ನನ್ನ ಹತ್ತಿರ ಬಂದ ಒಬ್ಬರ ಕಥೆ, ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಮೊದಲ ದಿನ ಅವರು ಮೊಬೈಲನ್ನು ಹೊರಗೆ ಕೂತಿದ್ದ ಹೆಂಡತಿಯ ಕೈಗೆ ಕೊಟ್ಟು ಒಳಗೆ ಬಂದರು. "ಅದು ಜೇಬಲ್ಲಿದ್ರೆ ನಂಗೆ ಮಾತಾಡೋಕೆ ಆಗಲ್ಲ ಮೇಡಂ" ಅಂದರು. ವಯಸ್ಸು ನಲವತ್ತರ ಆಸುಪಾಸು, ಓದಿದ್ದು ಸಿವಿಲ್ ಇಂಜಿನಿಯರಿಂಗ್. ಬೆಂಗಳೂರಿನಲ್ಲಿ ಮನೆ ತಪಾಸಣೆ ಮಾಡುತ್ತಾರೆ. ಫ್ಲ್ಯಾಟ್ ಕೊಳ್ಳುವವರು ಕರೆದರೆ ಹೋಗಿ ಗೋಡೆಯ ತೇವ ಅಳೆಯುತ್ತಾರೆ. ಟೈಲ್ಸ್ ತಟ್ಟಿ ಪೊಳ್ಳು ಶಬ್ದ ಬರುತ್ತಾ ಅಂತ ಕೇಳುತ್ತಾರೆ. ನಲ್ಲಿ, ವೈರಿಂಗ್, ಕಿಟಕಿ ಎಲ್ಲಾ ನೋಡಿ ವರದಿ ಕೊಡುತ್ತಾರೆ. ವರದಿಯ ಕೊನೆಯ ಪುಟದಲ್ಲಿ ರಿಪೇರಿಗೆ ಎಷ್ಟು ಖರ್ಚಾಗಬಹುದು ಅನ್ನುವ ಅಂದಾಜು ಇರುತ್ತದೆ. ಅವರು ನನ್ನ ಹತ್ತಿರ ಬರಬೇಕಾಗಿದ್ದು ಆ ಪುಟದ ದೆಸೆಯಿಂದ.

ಒಬ್ಬರು ನಿವೃತ್ತ ಮೇಷ್ಟ್ರು, ಅವರ ಹೆಂಡತಿ. 14 ವರ್ಷ ಹಳೆಯ ಫ್ಲ್ಯಾಟ್ ಕೊಂಡರು. ತಪಾಸಣೆಯಲ್ಲಿ ಬಾತ್‌ರೂಮಿನ ಪಕ್ಕದ ಗೋಡೆಯಲ್ಲಿ ತೇವ ಕಂಡಿತ್ತು. ಇಂಜಿನಿಯರ್ ಬರೆದರು: ವಾಟರ್‌ಪ್ರೂಫಿಂಗ್ ರಿಪೇರಿ, 45 ಸಾವಿರ. ನೆಲ ಒಡೆದಾಗ ಕಥೆಯೇ ಬೇರೆ ಇತ್ತು. ಹಳೇ ಅಪಾರ್ಟ್‌ಮೆಂಟುಗಳಲ್ಲಿ ಬಾತ್‌ರೂಮಿನ ಸ್ಲ್ಯಾಬನ್ನು ಸುಮಾರು ಒಂದಡಿ ತಗ್ಗಿಸಿ, ಪೈಪ್ ಹಾಯಿಸಿ, ಇಟ್ಟಿಗೆ ಚೂರು ತುಂಬಿಸಿ ಮೇಲೆ ಟೈಲ್ಸ್ ಹಾಕಿರುತ್ತಾರೆ. ಪೈಪ್ ಸೋರಿದರೆ ಆ ಇಟ್ಟಿಗೆ ಚೂರೆಲ್ಲ ನೀರು ಕುಡಿದು ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ. ಇಲ್ಲಿ ಪೈಪ್ ಕೀಲು ಬಿಟ್ಟಿತ್ತು, ಸ್ಲ್ಯಾಬಿನ ಕಂಬಿಗೆ ತುಕ್ಕು ಹಿಡಿದಿತ್ತು. ಕೆಳಗಿನ ಮನೆಯವರ ಚಾವಣಿಯ ಗಾರೆ ಉದುರಿದ್ದೂ ಆಗಲೇ ಗೊತ್ತಾಗಿದ್ದು. ಒಟ್ಟು ಬಿಲ್ 1 ಲಕ್ಷ 60 ಸಾವಿರ.

ಮೇಷ್ಟ್ರು ವರದಿಯ ಕೊನೆಯ ಪುಟದ ಫೋಟೋ ಕಳಿಸಿದ್ದರು. 45 ಸಾವಿರದ ಸುತ್ತ ಕೆಂಪು ಇಂಕಿನಲ್ಲಿ ಒಂದು ಸೊನ್ನೆ, ಮಕ್ಕಳ ಉತ್ತರಪತ್ರಿಕೆಯಲ್ಲಿ ತಪ್ಪಿಗೆ ಸುತ್ತು ಹಾಕುತ್ತಾರಲ್ಲ, ಹಾಗೆ. ಕೆಳಗೆ ಒಂದೇ ಸಾಲು: "45 ಸಾವಿರ ಅಂದಿದ್ರಲ್ಲ ಸರ್? ನಿಮ್ಮನ್ನ ನಂಬಿ ಮನೆ ತಗೊಂಡ್ವಿ." ಆಮೇಲೆ ನಾಲ್ಕು ದಿನ ಹನ್ನೊಂದು ವಾಯ್ಸ್ ಮೆಸೇಜ್. ಇಂಜಿನಿಯರ್ ಒಂದನ್ನೂ ಕೇಳಿರಲಿಲ್ಲ.

ಇದೊಂದೇ ಆಗಿದ್ದರೆ ಹೆಂಡತಿ ಅವರನ್ನು ಕರೆದುಕೊಂಡು ಬರುತ್ತಿರಲಿಲ್ಲ. ಇದಕ್ಕೂ ಮುಂಚೆ ಬೇರೊಬ್ಬ ಕ್ಲೈಂಟ್ ಹೀಗೇ ಕೂಗಾಡಿದಾಗ ರಾತ್ರಿ ಹನ್ನೆರಡಕ್ಕೆ ತಮ್ಮ ಖಾತೆಯಿಂದ 30 ಸಾವಿರ ಹಾಕಿಬಿಟ್ಟಿದ್ದರು. ಹೆಂಡತಿಗೆ ಗೊತ್ತಾಗಿದ್ದು ಬ್ಯಾಂಕಿನ ಮೆಸೇಜ್ ನೋಡಿ. ಇನ್ನೊಂದು ಕಡೆ ಭಯಕ್ಕೆ ಅಂದಾಜನ್ನು ಜಾಸ್ತಿ ಬರೆದರು. ಕೊಳ್ಳುವವರು ಹಿಂದೆ ಸರಿದರು, ಮಾರುವವರು ಫೋನ್ ಮಾಡಿ ಬೈದರು. ಈಗ ಅಂಕಿ ಬರೆಯಲು ಕೈಯೇ ಏಳುತ್ತಿಲ್ಲ. ಮೂರು ವರದಿ ಹಾಗೇ ಬಾಕಿ. ರಾತ್ರಿ ಎರಡರವರೆಗೆ ಹಳೇ ವರದಿಗಳನ್ನು ತೆಗೆದು ಮತ್ತೆ ಮತ್ತೆ ಓದುವುದು. ಫೋನ್ ಸದ್ದಾದರೆ ಎದೆ ಡವಡವ.

ನಿದ್ದೆ, ಊಟ, ಕುಡಿತ ಎಲ್ಲವನ್ನೂ ವಿಚಾರಿಸಿದೆ. ಸಾಯಬೇಕು ಅನ್ನಿಸುತ್ತದಾ ಅಂತಲೂ ನೇರವಾಗಿ ಕೇಳಿದೆ. ಇಲ್ಲ ಅಂದರು. ನಿದ್ದೆ ಮಾತ್ರ ತೀರಾ ಕೆಟ್ಟಿತ್ತು. ಹಾಗಾಗಿ ಒಮ್ಮೆ ಡಾಕ್ಟರಿಗೆ ತೋರಿಸಿ ಅಂದೆ, ತೋರಿಸಿದರು.

ಎರಡನೇ ಭೇಟಿಯಲ್ಲಿ ನಾನು ಒಂದು ತಪ್ಪು ಮಾಡಿದೆ. ಒಡೆಯದೆ ಒಳಗಿನದು ಯಾರಿಗೂ ಕಾಣಲ್ಲ ತಾನೇ, ನಿಮ್ಮ ತಪ್ಪೇನಿದೆ ಅಂದುಬಿಟ್ಟೆ. ಅವರು ತಲೆ ಆಡಿಸಿ ಮೌನವಾದರು. ಉಳಿದ ಅರ್ಧ ಗಂಟೆ ನನ್ನ ಪ್ರಶ್ನೆಗೆ ಹೂಂ, ಉಹೂಂ ಬಿಟ್ಟರೆ ಮಾತಿಲ್ಲ. ಮುಂದಿನ ವಾರ ಅವರೇ ಹೇಳಿದರು: "ಕೆಳಗಿನ ಮನೆ ಚಾವಣಿ ನೋಡಬಹುದಿತ್ತು ಮೇಡಂ. ಬೆಲ್ ಮಾಡಿ ಕೇಳಿದ್ರೆ ಬಿಡ್ತಿದ್ರು. ಅವತ್ತು ಇನ್ನೊಂದು ಮನೆಗೆ ಲೇಟಾಗಿತ್ತು." ಅಂದರೆ ತಪ್ಪು ಸ್ವಲ್ಪ ಇತ್ತು. ಅದನ್ನು ಹೇಳಿಕೊಳ್ಳಲು ಜಾಗ ಬೇಕಾಗಿತ್ತು. ನಾನು ಸಮಾಧಾನ ಹೇಳುವ ಆತುರದಲ್ಲಿ ಆ ಬಾಗಿಲು ಹಾಕಿದ್ದೆ.

ಆ ದಿನವೇ ಅಪ್ಪನ ವಿಷಯ ಬಂತು. ಅಪ್ಪ ಗಾರೆ ಮೇಸ್ತ್ರಿ. ಇವರಿಗೆ ಆಗ ಹತ್ತು ವರ್ಷ. ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋದಾಗ ಮನೆ ಮಾಲೀಕರು ಸಿಮೆಂಟ್ ಮೂಟೆ ಲೆಕ್ಕ ತಪ್ಪಿದೆ ಅಂತ ಆಳುಗಳ ಮುಂದೆಯೇ ಅಪ್ಪನನ್ನು ಕಳ್ಳ ಅಂದರಂತೆ. ಅಪ್ಪ ಸಾರ್ವೆಯಿಂದ ಇಳಿದು ಬಂದು ತೊಟ್ಟಿ ನೀರಲ್ಲಿ ಕೈ ತೊಳೆದರು. ತುಂಬಾ ಹೊತ್ತು ತೊಳೆದರು. ಉಗುರ ಸಂದಿನ ಸಿಮೆಂಟ್ ಹೋಗುವವರೆಗೂ ತೊಳೆದು, ಊಟ ಮಾಡದೆ ಮತ್ತೆ ಮೇಲೆ ಹತ್ತಿದರು. "ಅಂದಾಜು ತಪ್ಪಿದೆ ಅಂತ ಯಾರಾದ್ರೂ ಅಂದ್ರೆ ನಂಗೆ ಕೇಳಿಸೋದು ಕಳ್ಳ ಅಂತಲೇ" ಅಂದರು. 30 ಸಾವಿರ ಕೊಟ್ಟಿದ್ದು ಯಾಕೆ ಅಂತ ನನಗೆ ಆಗ ಅರ್ಥವಾಯಿತು. ಕೊಟ್ಟ ಮೇಲೆ ನಿದ್ದೆ ಬಂತಾ ಅಂತ ಕೇಳಿದೆ. "ಎರಡು ದಿನ ಬಂತು" ಅಂದರು.

ಇನ್ನು ಸಲಹೆಯ ವಿಷಯ. ಮೊದಲು ಮೊಬೈಲ್. ದಿನಕ್ಕೆ ಎರಡು ಹೊತ್ತು, ಬೆಳಿಗ್ಗೆ ಹತ್ತಕ್ಕೆ, ಸಂಜೆ ಐದಕ್ಕೆ, ಮೆಸೇಜುಗಳನ್ನು ತಾವೇ ನೋಡಬೇಕು. ಹೆಂಡತಿ ಓದಿ ಸೋಸಿ ಹೇಳುವುದು ಬೇಡ ಅಂದೆ. ಅವರು ಪ್ರೀತಿಯಿಂದಲೇ ಮಾಡುತ್ತಿದ್ದರು, ಆದರೆ ಅದರಿಂದ ಇವರ ಭಯ ಬೆಳೆಯುತ್ತಿತ್ತು. ಮೊದಲ ವಾಯ್ಸ್ ಮೆಸೇಜನ್ನು ನನ್ನ ಎದುರಿಗೇ ಹಾಕಿ ಕೇಳಿದರು. ಬೈಗುಳ ಇರಬಹುದು ಅಂತ ಇಬ್ಬರೂ ಕಾದಿದ್ದೆವು. ಮೇಷ್ಟ್ರು ಹೇಳಿದ್ದು ಇಷ್ಟೇ: "ಕಂಬಿ ಕಾಣ್ತಾ ಇದೆ, ನಮ್ಮ ಮನೆಯವಳು ಸ್ನಾನಕ್ಕೆ ಹೋಗೋಕೆ ಹೆದರ್ತಾಳೆ, ಬಿದ್ದುಹೋಗುತ್ತಾ ಇದು?" ನಾಲ್ಕು ದಿನ ಅವರು ಕೇಳುತ್ತಿದ್ದದ್ದು ಇದನ್ನು. ದುಡ್ಡಿನ ಮಾತು ಆಮೇಲಿನ ಮೆಸೇಜುಗಳಲ್ಲಿ ಬಂತು, ಉತ್ತರ ಬಾರದೆ ಇದ್ದಾಗ.

ಅವರು ಬೇರೆ ಯಾರನ್ನು ಕೇಳಬೇಕಿತ್ತು ಹೇಳಿ. ಮನೆ, ಫ್ಲ್ಯಾಟ್ ಕಟ್ಟಿ ಮಾರುವವರಿಗೆ ಅನ್ವಯಿಸುವ 2016ರ ರೇರಾ ಕಾಯ್ದೆ ಪ್ರಕಾರ ಕಟ್ಟಡದ ದೋಷವನ್ನು ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಮಾಡಿಕೊಡಬೇಕಾದ ಅವಧಿ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷ. 14 ವರ್ಷದ ಕಟ್ಟಡಕ್ಕೆ ಆ ದಾರಿ ಮುಚ್ಚಿದೆ. ಮಾರಿದವರು ದುಡ್ಡು ಎಣಿಸಿಕೊಂಡು ಹೋಗಿಯಾಗಿದೆ. ನಂಬರ್ ಇರುವುದು ಇಂಜಿನಿಯರದ್ದು ಮಾತ್ರ.

ಆಮೇಲೆ ಮಾತಿನ ಅಭ್ಯಾಸ. ನಾನು ಮೇಷ್ಟ್ರಾದೆ. ಮೊದಲ ಸಲ ಇಂಜಿನಿಯರ್ "ಸರ್, ಮೂರನೇ ಪುಟದಲ್ಲಿ ಷರತ್ತು ಬರೆದಿದ್ದೀನಿ ನೋಡಿ" ಅಂತ ಶುರು ಮಾಡಿದರು. ಫೋನ್ ಇಟ್ಟುಬಿಟ್ಟೆ. ಎರಡನೇ ಸಲ "ತಪ್ಪಾಯ್ತು ಸರ್, ನಾನೇ ಕೊಟ್ಬಿಡ್ತೀನಿ" ಅಂದರು. ನಿಲ್ಲಿಸಿ ಅಂದೆ. ವಿಷಯ ತಿಳಿಯುವ ಮೊದಲೇ ದುಡ್ಡಿನ ಮಾತಾಡಿದರೆ ಅವರ ದಿಗಿಲಿಗೆ ಉತ್ತರ ಸಿಗಲ್ಲ, ಇವರ ಅವಮಾನವೂ ಹೋಗಲ್ಲ. ಐದಾರು ಸಲ ಆದ ಮೇಲೆ ಮಾತು ಹೀಗೆ ಬಂತು: "ಸರ್, ಫೋನ್ ಎತ್ತಲಿಲ್ಲ, ಅದು ನನ್ನ ತಪ್ಪು. ಈಗ ಆ ಬಾತ್‌ರೂಮ್ ಬಳಸಬೇಡಿ. ನಾಳೆ ಹನ್ನೊಂದಕ್ಕೆ ಬರ್ತೀನಿ, ಕಂಬಿ ನೋಡ್ತೀನಿ. ಬಿಲ್ ತೆಗೆದಿಟ್ಟಿರಿ, ಒಂದೊಂದೇ ಸಾಲು ಕೂತು ನೋಡೋಣ." ಇದರಲ್ಲಿ ಜಗಳ ಇಲ್ಲ, ಒಪ್ಪಿ ಶರಣಾಗಿದ್ದೂ ಇಲ್ಲ. ಹೇಳಿದ ಹೊತ್ತಿಗೆ ಹೋಗಬೇಕು, ಅಷ್ಟೇ.

ಬಿಲ್ ನೋಡುವಾಗ ಬೇರೆ ಬೇರೆ ಮಾಡಿ ಇಡಿ ಅಂತ ಹೇಳಿದ್ದೆ. ಕಣ್ಣಿಗೆ ಕಾಣುವಂತಿದ್ದು ತಾವು ಬಿಟ್ಟದ್ದು ಒಂದು ಕಡೆ, ಒಡೆಯದೆ ಗೊತ್ತಾಗದ್ದು ಇನ್ನೊಂದು ಕಡೆ. ರಿಪೇರಿ ನೆಪದಲ್ಲಿ ಮನೆಯವರೋ ಕಂಟ್ರಾಕ್ಟರೋ ಸೇರಿಸಿದ ಹೊಸ ನಲ್ಲಿ, ಹೊಸ ಟೈಲ್ಸ್ ಮತ್ತೊಂದು ಕಡೆ. ಮೊದಲನೆಯದರ ಹೊಣೆ ತಮ್ಮದು ಅಂತ ಬಾಯಿಬಿಟ್ಟು ಹೇಳಬೇಕು. ತಪಾಸಣೆಯ ಫೀಸು ವಾಪಸ್ ಕೊಡುವುದಾದರೆ ಒಂದು ರಾತ್ರಿ ಮಲಗಿ ಎದ್ದು, ಹೆಂಡತಿಗೆ ಹೇಳಿ, ಬರಹದಲ್ಲಿ ಕೊಡಬೇಕು. ಲಾಯರ್ ನೋಟಿಸ್ ಬಂದರೆ ಮಾತ್ರ ತಾವೂ ಲಾಯರನ್ನು ಕೇಳದೆ ಒಂದಕ್ಷರ ಬರೆಯಬಾರದು.

ಅಂಕಿ ಬರೆಯುವುದನ್ನೇ ಬಿಟ್ಟುಬಿಡಲಾ ಅಂತ ಕೇಳಿದರು. ಅಮೆರಿಕದಲ್ಲಿ 1976ರಿಂದ ಮನೆ ತಪಾಸಕರ ಸಂಘವೊಂದಿದೆ, ಆಶಿ ಅಂತ. ಅದರ ನಿಯಮದಲ್ಲಿ ರಿಪೇರಿ ಖರ್ಚು ಹೇಳುವುದು ತಪಾಸಕರಿಗೆ ಕಡ್ಡಾಯವಲ್ಲ, ಇದನ್ನು ಅವರೇ ಹೇಳಿದರು. ಬಿಡಬಹುದು, ಅದು ನಿಮ್ಮ ಇಷ್ಟ ಅಂದೆ. ಆದರೆ ಈಗ ಬೇಡ, ಹೆದರಿಕೆಯಲ್ಲಿ ತೆಗೆದುಕೊಂಡ ತೀರ್ಮಾನ ನಾಳೆ ಇನ್ನೊಂದನ್ನು ಬಿಡಿಸುತ್ತದೆ. ಅದರ ಬದಲು ಒಂದು ಅಂಕಿಯ ಜಾಗದಲ್ಲಿ ಇದ್ದದ್ದು ಇದ್ದ ಹಾಗೆ ಬರೆಯೋಣ ಅಂತ ಕೂತೆವು. ಟೈಲ್ಸ್ ಸಂದಿಗೆ ಗ್ರೌಟ್ ತುಂಬಿದರೆ ಸಾಕಾದರೆ ಇಷ್ಟು. ನೆಲ ಒಡೆಯಬೇಕಾದರೆ ಇಷ್ಟರಿಂದ ಇಷ್ಟು. ಕಂಬಿ ಕೆಟ್ಟಿದ್ದರೆ ಸ್ಟ್ರಕ್ಚರಲ್ ಇಂಜಿನಿಯರ್ ನೋಡುವವರೆಗೆ ಅಂಕಿ ಇಲ್ಲ. ಒಡೆದ ಕಸ ಸಾಗಿಸುವುದು, ಹಳೇ ಟೈಲ್ಸ್‌ಗೆ ಜೋಡಿ ಸಿಗದಿದ್ದರೆ ಪೂರ್ತಿ ಬದಲಿಸುವುದು, 18% ಜಿಎಸ್‌ಟಿ, ಇವು ಸೇರಿವೆಯಾ ಇಲ್ಲವಾ ಅಂತ ಅಲ್ಲೇ ಬರೆಯಬೇಕು. ಷರತ್ತು ಮೂರನೇ ಪುಟದಲ್ಲಿ ಇದ್ದರೆ ಯಾರೂ ಓದುವುದಿಲ್ಲ. ಫೋಟೋ ಹೊಡೆದುಕೊಂಡು ಮಗನಿಗೋ ಅಳಿಯನಿಗೋ ಕಳಿಸುವುದು ಕೊನೆಯ ಪುಟ ಮಾತ್ರ. ಹಾಗಾಗಿ ಷರತ್ತೂ ಆ ಪುಟದಲ್ಲೇ ಇರಬೇಕು. ವರದಿ ಕಳಿಸಿದ ದಿನ ಹತ್ತು ನಿಮಿಷ ಫೋನಿನಲ್ಲಿ ಆ ಪುಟವನ್ನು ಓದಿ ಹೇಳಬೇಕು. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಈ ಹತ್ತು ನಿಮಿಷ.

ಅವರು ಮೇಷ್ಟ್ರ ಮನೆಗೆ ಹೋದರು. ಮೇಷ್ಟ್ರು ಕೂತ್ಕೊಳ್ಳಿ ಅನ್ನಲಿಲ್ಲ, ಅವರ ಹೆಂಡತಿ ಕುರ್ಚಿ ತಂದು ಹಾಕಿದರು. ಕೆಳಗಿನ ಮನೆ ಚಾವಣಿ ನೋಡದೆ ಇದ್ದದ್ದನ್ನು ಇಂಜಿನಿಯರ್ ಒಪ್ಪಿಕೊಂಡರು. ಬಿಲ್ಲನ್ನು ಸಾಲು ಸಾಲಾಗಿ ನೋಡಿದಾಗ ಕಂಟ್ರಾಕ್ಟರ್ ಜಿಎಸ್‌ಟಿ ಹಾಕಿದ್ದ, ಆದರೆ ಜಿಎಸ್‌ಟಿ ನಂಬರೇ ಇರಲಿಲ್ಲ. ಅಲ್ಲಿಂದಲೇ ಫೋನ್ ಮಾಡಿ ಅಷ್ಟನ್ನು ತೆಗೆಸಿದರು. ಕಂಬಿಯ ರಿಪೇರಿ ಮುಗಿಯುವವರೆಗೆ ಎರಡು ಸಲ ಹೋಗಿ ಬಂದರು. ವಾರದ ಮೇಲೆ ಫೀಸು ವಾಪಸ್ ಕೊಟ್ಟರು, ಹೆಂಡತಿಗೆ ಹೇಳಿ. ಮೇಷ್ಟ್ರು ತೆಗೆದುಕೊಂಡರು. ಸಿಟ್ಟು ಪೂರ್ತಿ ಇಳಿದಿರಲಿಲ್ಲ. "ಮೊದಲನೇ ದಿನವೇ ಬಂದಿದ್ರೆ ನಾನು ಇಷ್ಟು ಮಾತಾಡ್ತಿರಲಿಲ್ಲ" ಅಂದರಂತೆ.

ಬಾಕಿ ಇದ್ದ ಮೂರು ವರದಿಗಳಲ್ಲಿ ಎರಡು ಹೋಗಿವೆ. ಮೂರನೆಯದನ್ನು ಕಳೆದ ಭೇಟಿಗೆ ತಂದಿದ್ದರು. ಕೊನೆಯ ಪುಟದಲ್ಲಿ ಅಂಕಿಯ ಜಾಗ ಇನ್ನೂ ಖಾಲಿ. ಈ ಸಲ ಮೊಬೈಲ್ ಅವರ ಜೇಬಲ್ಲೇ ಇತ್ತು. ಮಧ್ಯೆ ಒಮ್ಮೆ ಸದ್ದಾಯಿತು. ತೆಗೆದು ನೋಡಿದರು, "ಐದಕ್ಕೆ ಮಾಡ್ತೀನಿ ಸರ್" ಅಂತ ಟೈಪ್ ಮಾಡಿದರು, ಆಮೇಲೆ ಪೆನ್ ಕೇಳಿದರು.