ಆಸೆಯೇ ದುಃಖಕ್ಕೆ ಮೂಲ ಅಂದಮೇಲೆ ಪ್ರಜಾಪ್ರಭುತ್ವದ ಮೇಲೆ ಭರವಸೆ ಇಡುವುದು ಮೂರ್ಖತನ ಅಲ್ವಾ?

ನೀವು ಓಡಾಡಿ ಗೆಲ್ಲಿಸಿದವರು ಈಗ ಫೋನೇ ಎತ್ತುತ್ತಿಲ್ಲ, ಊರಿನ ರಸ್ತೆ ಹಾಗೇ ಇದೆ, ಇನ್ನೂ ಭರವಸೆ ಇಡಬೇಕಾ ಬಿಡಬೇಕಾ ಅಂತ ಕೇಳಿದ್ದೀರಿ. 2013ರಲ್ಲಿ ನಾನೂ ಥೇಟ್ ಹೀಗೇ ಇದ್ದೆ.

ನಮ್ಮದು ಬಯಲುಸೀಮೆಯ ಹಳ್ಳಿ. ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ನಮ್ಮ ಕೊಳವೆಬಾವಿ ಅದನ್ನು ಎಂದೋ ದಾಟಿತ್ತು. ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಪಟ್ಟೆ. ಆ ಸಲದ ವಿಧಾನಸಭೆ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿ ನಮ್ಮ ಅರಳಿಕಟ್ಟೆ ಮೇಲೆ ನಿಂತು, ಶುದ್ಧ ನೀರಿನ ಘಟಕ ಹಾಕಿಸುತ್ತೇನೆ ಅಂತ ಭರವಸೆ ಕೊಟ್ಟರು. ನಾನು ತಿಂಗಳುಗಟ್ಟಲೆ ಕೆಲಸ ಬಿಟ್ಟು ಕರಪತ್ರ ಹಂಚಿದೆ. ಅವರು ಗೆದ್ದರು. ಎಣಿಕೆಯ ದಿನ ಖುಷಿಗೆ ಅತ್ತುಬಿಟ್ಟಿದ್ದೆ.

ನಂಬಿದ್ದು ತಪ್ಪು ಅಂತ ನನಗೆ ಈಗಲೂ ಅನ್ನಿಸಲ್ಲ. ತಪ್ಪು ಮಾಡಿದ್ದು ಆಮೇಲಿನ ಗ್ರಾಮ ಸಭೆಯಲ್ಲಿ. ಹತ್ತು ಹನ್ನೆರಡು ಹೆಂಗಸರು ಖಾಲಿ ಬಿಂದಿಗೆ ಹಿಡಿದೇ ಬಂದಿದ್ದರು. ನೀರಿನ ಘಟಕದ ಬೇಡಿಕೆ ನಡಾವಳಿಯಲ್ಲಿ ಬರೆಯಿರಿ ಅಂತ ಅವರ ಗಲಾಟೆ. ನಾನು ಎದ್ದು ನಿಂತು, "ಶಾಸಕರೇ ಮಾತು ಕೊಟ್ಟಿದ್ದಾರೆ, ಸುಮ್ನೆ ಯಾಕೆ ರಂಪ" ಅಂದೆ. ಓದಿದ ಹುಡುಗ ಹೇಳ್ತಿದ್ದಾನೆ ಅಂತ ಅವರು ಕೂತರು. ಆ ಒಂದು ಸಾಲು ಬರೆಯಲೇ ಇಲ್ಲ. ಆ ಸಾಲಿನ ಬೆಲೆ ಏನು ಅಂತ ನನಗೆ ಆಗ ಗೊತ್ತಿರಲಿಲ್ಲ. ಅದಿದ್ದಿದ್ದರೆ ಠರಾವಿನ ಪ್ರತಿ ಹಿಡಿದು ತಾಲ್ಲೂಕು ಪಂಚಾಯಿತಿಗೆ ಹೋಗಬಹುದಿತ್ತು, 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಇದರ ಮೇಲೆ ಏನು ಕ್ರಮ ತಗೊಂಡಿರಿ ಅಂತ ಕೇಳಬಹುದಿತ್ತು, 30 ದಿನದಲ್ಲಿ ಅವರು ಉತ್ತರ ಕೊಡಬೇಕಿತ್ತು. ಕಟ್ಟೆ ಮೇಲಿನ ಮಾತಿಗೆ ಯಾವ ಆಫೀಸಲ್ಲೂ ಫೈಲ್ ಇರಲ್ಲ. ಪಕ್ಕದ ಊರಿನವರು ಬರೆಸಿದ್ದರು, ಘಟಕ ಅವರಿಗೆ ಹೋಯಿತು. ನಮ್ಮವರು ಸೈಕಲ್ಲಿಗೆ ಕ್ಯಾನ್ ಕಟ್ಟಿಕೊಂಡು ಎರಡೂವರೆ ವರ್ಷ ಅಲ್ಲಿಗೇ ಅಲೆದರು.

ನಾನು ಶಾಸಕರನ್ನು ಬೈಯುತ್ತಾ ಕೂತಿದ್ದಾಗ ನಮ್ಮ ಬೀದಿಯ ಅಜ್ಜಿಯೊಬ್ಬರು ಹೇಳಿದ್ದು: "ಅವ್ರು ಯಾವತ್ತೂ ಹಂಗೇ ಕಣಪ್ಪ. ನಮ್ ಬಾಯಿ ಮುಚ್ಚಿಸ್ದೋನು ನೀನು."

ನಮ್ಮ ಭಾಷೆಯಲ್ಲೇ ಒಂದು ತೊಡಕಿದೆ ನೋಡಿ. ಕೊಡುವುದೂ ಭರವಸೆ, ಇಡುವುದೂ ಭರವಸೆ. ಅವರು ಕೊಟ್ಟರು ಅಂತ ನಾನು ಇಟ್ಟೆ, ಇಟ್ಟು ಕೈಕಟ್ಟಿ ಕೂತೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದು ಇದನ್ನೇ. ಧರ್ಮದಲ್ಲಿ ಭಕ್ತಿ ಮುಕ್ತಿಗೆ ದಾರಿಯಾಗಬಹುದು, ರಾಜಕೀಯದಲ್ಲಿ ಅದು ಸರ್ವಾಧಿಕಾರಕ್ಕೆ ದಾರಿ ಅಂದಿದ್ದರು. ನಾನು ಹರಕೆ ಹೊತ್ತವನ ಹಾಗೆ ವೋಟು ಹಾಕಿದ್ದೆ. (ಹರಕೆಯಲ್ಲಾದರೂ ತೀರಿಸುವ ಭಾರ ನಮ್ಮ ಮೇಲೇ ಇರುತ್ತೆ, ಬಿಡಿ.)

ನೀವು ಬುದ್ಧನನ್ನು ಎಳೆದು ತಂದಿದ್ದು ನನಗೆ ಒಪ್ಪಿಗೆ ಇಲ್ಲ. ಆಸೆ ಬೇರೆ, ಭರವಸೆ ಬೇರೆ. ಆಯ್ದಕ್ಕಿ ಲಕ್ಕಮ್ಮನ ಕತೆ ಗೊತ್ತಲ್ವಾ? ಗಂಡ ಮಾರಯ್ಯ ಆ ದಿನಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದ. ಇಷ್ಟು ಆಸೆ ಯಾಕೆ, ವಾಪಸ್ ಸುರಿದು ಬಾ ಅಂದಳು. ನಾಳೆ ಆಯಲು ಹೋಗಬೇಡ ಅನ್ನಲಿಲ್ಲ. ನಾಳೆಯೂ ಸಿಗುತ್ತೆ, ನಾಳೆಯೂ ಬಗ್ಗಿ ಆಯಬೇಕು ಅಂತ ಗೊತ್ತಿದ್ದವಳು ಅವಳು. ಜರ್ಮನಿಯ ತತ್ವಜ್ಞಾನಿ ಕಾಂಟ್ ಕೂಡ 1781ರಲ್ಲಿ ಮೂರು ಪ್ರಶ್ನೆ ಹಾಕಿಕೊಂಡಿದ್ದ: ಏನು ತಿಳಿಯಬಹುದು, ಏನು ಮಾಡಬೇಕು, ಏನನ್ನು ನಿರೀಕ್ಷಿಸಬಹುದು. ಮಾಡಬೇಕಾದ್ದನ್ನು ಮಾಡಿದರೆ ಆಮೇಲೆ ಏನು ನಿರೀಕ್ಷಿಸಬಹುದು ಅನ್ನೋದೇ ಅವನ ಮೂರನೆಯ ಪ್ರಶ್ನೆ. ನಾನು ಎರಡನೆಯದನ್ನು ಹಾರಿಸಿ ಮೂರನೆಯದಕ್ಕೆ ಉತ್ತರ ಕಾಯುತ್ತಿದ್ದೆ. ನೀವೂ ಅಷ್ಟೇ ಅನ್ನಿಸುತ್ತೆ.

ಹಾಗಾಗಿ ಇಡಬೇಕಾ ಬಿಡಬೇಕಾ ಅನ್ನುವುದು ಪ್ರಶ್ನೆಯೇ ಅಲ್ಲ. ಆ ಫೋನ್ ಮಾಡುವುದು ನಿಲ್ಲಿಸಿ. ಕರ್ನಾಟಕದಲ್ಲಿ ಆರು ತಿಂಗಳಿಗೊಮ್ಮೆಯಾದರೂ ಗ್ರಾಮ ಸಭೆ ಆಗಲೇಬೇಕು. ಮುಂದಿನದು ಯಾವತ್ತು ಅಂತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಕೇಳಿ, ಹತ್ತು ಜನರನ್ನು ಕರೆದುಕೊಂಡು ಹೋಗಿ, ರಸ್ತೆಯ ವಿಷಯ ಬರೆಸಿ, ಪ್ರತಿ ತಗೊಳ್ಳಿ.

ನಮ್ಮೂರಿಗೂ ಕೊನೆಗೆ ಘಟಕ ಬಂತು. ಅದೂ ಆಗಾಗ ಕೆಟ್ಟು ನಿಲ್ಲುತ್ತೆ. ಆ ಅಜ್ಜಿಗೆ ಓದು ಬರಲ್ಲ. ಆದರೂ ಪ್ರತಿ ಸಭೆ ಮುಗಿದ ಮೇಲೆ ನಡಾವಳಿ ಪುಸ್ತಕದ ಪಕ್ಕ ಹೋಗಿ ನಿಲ್ಲುತ್ತಾರೆ. "ಎಲ್ಲಿ ಬರ್ದಿದ್ದೀಯಾ, ಬೆರಳಿಟ್ಟು ತೋರ್ಸು" ಅನ್ನುತ್ತಾರೆ.